ಹೊಡೆತದ ಹಿಂದಿನ ಮಾತು

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ತಂದೆತಾಯಂದಿರ ಹಾಗೂ ಶಿಕ್ಷಕರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದಲ್ಲಿ ಮಾತನಾಡಲು ನಿಂತವರು ಅದನ್ನು ಕಟ್ಟಿದವರನ್ನೂ ಉಳಿಸಿ ಬೆಳೆಸಿದವರನ್ನೂ ಸ್ಮರಿಸುವುದು ವಾಡಿಕೆ. ಆ ಕಾರ್ಯವನ್ನು ಈ ಉತ್ಸವದಲ್ಲಿ ಇತರರು ನಮಗಿಂತ ಚೆನ್ನಾಗಿ ನೆರವೇರಿಸಿದ್ದಾರೆ. ಉತ್ಸವ ಸಮಿತಿಯವರು ನಮಗೆ ವಹಿಸಿದ ವಿಷಯವೇ ಬೇರೆ. ಮಾತು ಬಾರದ, ಅಥವಾ ಅಲ್ಪಸ್ವಲ್ಪ ಮಾತ್ರ ಬರುವ ವಿಶೇಷ ಶಾಲೆಯ ಮಕ್ಕಳು ಹೊಡೆಯುವಾಗ, ಕಚ್ಚುವಾಗ, ಕೈಗೆ ಸಿಕ್ಕಿದ್ದನ್ನು ಎಸೆಯುವಾಗ ಹಿರಿಯರಾದ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದೇ ಆ ವಿಷಯ. ನಾವು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಅಭ್ಯಾಸ ಮಾಡಿದೆವು. ಈ ವಿದ್ಯೆಯನ್ನು ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಒಂದು ತಪ್ಪು ಮಾಡಿ ಇದನ್ನು ಕಲಿಯಬೇಕಾಯಿತು. ಆದುದರಿಂದ ಆ ತಪ್ಪಿನಿಂದಲೇ ಮಾತು ಆರಂಭಿಸುತ್ತೇವೆ.

ಆರು ವರ್ಷಗಳ ಹಿಂದೆ, ನಾವು ಈ ಧರ್ಮಕೇಂದ್ರಕ್ಕೆ ಬಂದ ಮೊದಲ ವರ್ಷ, ಪಾಲಕ ಸಂತರ ಹಬ್ಬದ ಸಂಜೆ. ತೇರು ಊರು ಸುತ್ತಿ ಹಿಂದಿರುಗಿತ್ತು. ಬಾಗಿಲಲ್ಲಿ ಬ್ಯಾಂಡ್ ಸೆಟ್ಟು ಮೊಳಗುತ್ತಿತ್ತು, ಅಂಗಳದಲ್ಲಿ ಸರಪಟಾಕಿ ಸಿಡಿಯುತ್ತಿತ್ತು, ಒಳಗೆ ಕಾಲಿಡಲು ಸ್ಥಳವಿರಲಿಲ್ಲ. ನಡುವಿನ ಸಾಲಿನಲ್ಲಿ ತಾಯಿಯ ಪಕ್ಕ ಕುಳಿತಿದ್ದ ಹನ್ನೊಂದು ವರ್ಷದ ಬಾಲಕನೊಬ್ಬ ಇದ್ದಕ್ಕಿದ್ದಂತೆ ಮುಂದಿನ ಸಾಲಿನ ಪುಟ್ಟ ಹುಡುಗಿಯ ಬೆನ್ನಿಗೆ ಗುದ್ದಿದ, ತಡೆಯಲು ಬಂದ ಯುವಕನ ಕೈ ಕಚ್ಚಿದ, ತಾಯಿಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದ. ಜನ ಗಾಬರಿಯಿಂದ ಎದ್ದು ದಾರಿ ಬಿಟ್ಟರು. ಆ ತಾಯಿ ಅವನನ್ನು ಹೊರಗೆ ಎಳೆದೊಯ್ದಳು. ಆರಾಧನೆ ಮುಗಿದ ಮೇಲೆ ನಾವು ಆಕೆಯನ್ನು ಕರೆದು, "ಅಮ್ಮಾ, ಇನ್ನು ಮೇಲೆ ಇವನನ್ನು ಮನೆಯಲ್ಲಿ ಯಾರ ಬಳಿಯಾದರೂ ಬಿಟ್ಟು ಬನ್ನಿ" ಎಂದು ಹೇಳಿದೆವು. ದನಿ ಮೃದುವಾಗಿಯೇ ಇತ್ತು. ಆಕೆ, "ಯಾರ ಬಳಿ ಬಿಡಲಿ ಸ್ವಾಮಿ?" ಎಂದಷ್ಟೇ ಕೇಳಿ ಹೊರಟುಹೋದಳು. ಆಮೇಲೆ ಹದಿನಾಲ್ಕು ಭಾನುವಾರ ಆ ಮನೆಯವರು ಪೂಜೆಗೆ ಬರಲಿಲ್ಲ. ಅದನ್ನು ಗಮನಿಸಲು ನಮಗೆ ಹದಿನಾಲ್ಕು ಭಾನುವಾರಗಳೇ ಬೇಕಾದವು ಎಂಬುದು ಎರಡನೆಯ ತಪ್ಪು.

ಆ ಬಾಲಕ ಓದುತ್ತಿದ್ದ ವಿಶೇಷ ಶಾಲೆಯ ಸಿಸ್ಟರ್ ಒಬ್ಬರು ಒಂದು ದಿನ ಗುರುಮನೆಗೆ ಬಂದು ನಮ್ಮನ್ನು ಕೇಳಿದರು: "ಫಾದರ್, ಅವನು ಹೊಡೆದದ್ದನ್ನು ನೀವೆಲ್ಲ ಕಂಡಿರಿ. ಹೊಡೆಯುವ ಮೊದಲು ಅವನು ಏನು ಮಾಡಿದ ಎಂಬುದನ್ನು ಯಾರಾದರೂ ಕಂಡರೇ?" ಅಂದು ಹತ್ತಿರ ಕುಳಿತಿದ್ದವರನ್ನು ವಿಚಾರಿಸಿದೆವು. ಒಬ್ಬೊಬ್ಬರೂ ಒಂದೊಂದನ್ನು ನೆನಪಿಸಿಕೊಂಡರು. ಪಟಾಕಿ ಸಿಡಿದಾಗ ಅವನು ಎರಡೂ ಕಿವಿ ಮುಚ್ಚಿಕೊಂಡಿದ್ದ. ತಾಯಿಯ ಸೆರಗನ್ನು ಹಿಡಿದೆಳೆದಿದ್ದ. ಬಾಗಿಲ ಕಡೆಗೆ ತಿರುಗಿ ಏಳಲು ಹೋಗಿದ್ದ. ದೊಡ್ಡ ದನಿಯಲ್ಲಿ ನರಳಿದ್ದ. ಜನರ ಮುಂದೆ ಸಂಕೋಚಪಟ್ಟ ತಾಯಿ ಅವನನ್ನು ಅದುಮಿ ಕೂರಿಸಿದ್ದಳು. ಅಂದರೆ, 'ನನ್ನನ್ನು ಹೊರಗೆ ಕರೆದುಕೊಂಡು ಹೋಗಿ' ಎಂದು ಆ ಮಗು ನಾಲ್ಕು ರೀತಿಯಲ್ಲಿ ಹೇಳಿತ್ತು. ನಮ್ಮಲ್ಲಿ ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಐದನೆಯ ರೀತಿಯಲ್ಲಿ ಹೇಳಿದಾಗ ಇಡೀ ದೇವಾಲಯವೇ ಎದ್ದು ದಾರಿ ಬಿಟ್ಟಿತು. ಯಾವ ಭಾಷೆಗೆ ನಾವು ಓಗೊಡುತ್ತೇವೆ ಎಂಬ ಪಾಠವನ್ನು ಅಂದು ನಾವೇ ಅವನಿಗೆ ಕಲಿಸಿದೆವು.

ಪ್ರಿಯರೇ, ಇಂದು ನಾವು ಹೇಳಬೇಕಾದ ಮಾತು ಇದೊಂದೇ. ಮಾತಿಲ್ಲದ ಮಗುವಿನ ಹೊಡೆತ ಬಹುಮಟ್ಟಿಗೆ ಮಾತೇ ಆಗಿರುತ್ತದೆ. ಬೇರೆ ಮಾತು ಕಲಿಸದೆ ಈ ಮಾತನ್ನು ಬಿಡಿಸಲಾಗದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳು, ಆಟಿಸಂ ಇರುವ ಮಕ್ಕಳು, ಮಿದುಳಿನ ಪಾರ್ಶ್ವವಾಯುವಿನಿಂದ ನಾಲಗೆ ಹಿಡಿತಕ್ಕೆ ಸಿಗದ ಮಕ್ಕಳು ಎಲ್ಲರೂ ಹೊಡೆಯುವವರೆಂದು ಭಾವಿಸಬಾರದು. ಅವರಲ್ಲಿ ಎಷ್ಟೋ ಮಂದಿ ಮಹಾ ಸೌಮ್ಯರು. ಹೊಡೆಯುವ ಮಕ್ಕಳ ಮೇಲೂ ಭೂತ ಬಂದಿಲ್ಲ, ದೃಷ್ಟಿ ತಗುಲಿಲ್ಲ, ತಂದೆತಾಯಿಯ ಪಾಪ ಅಂಟಿಲ್ಲ. ಹುಟ್ಟುಕುರುಡನನ್ನು ತೋರಿಸಿ ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕಿದ್ದನ್ನು ನಾವು ಬಲ್ಲೆವು. ಆದರೂ ನಮ್ಮ ಬೀದಿಗಳಲ್ಲಿ ಆ ಪ್ರಶ್ನೆ ಇನ್ನೂ ಸತ್ತಿಲ್ಲ.

ಹಾಗಾದರೆ ಮಗು ಏನು ಹೇಳುತ್ತಿದೆ ಎಂಬುದನ್ನು ತಿಳಿಯುವುದು ಹೇಗೆ? ಇದಕ್ಕೆ ಸಿಸ್ಟರ್ ತೋರಿಸಿದ ಸಾಧನ ಒಂದು ನೋಟು ಪುಸ್ತಕ. ಪುಟಕ್ಕೆ ಮೂರು ಕಲಂ: ಮೊದಲು ಏನಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಅಂಚಿನಲ್ಲಿ ಗಂಟೆ. ಬರೆಯುವಾಗ 'ಹಟ ಮಾಡಿದ', 'ಸಿಟ್ಟು ಬಂತು' ಎಂದು ಬರೆಯಬಾರದು. ಅವು ನಮ್ಮ ಊಹೆಗಳು. 'ಮಣಿ ಪೋಣಿಸಲು ಕೂರಿಸಿ ಹತ್ತು ನಿಮಿಷವಾಗಿತ್ತು, ಬಲಗೈಯಿಂದ ಟೀಚರ ಭುಜಕ್ಕೆ ಹೊಡೆದ, ಟೀಚರು ಅವನನ್ನು ವರಾಂಡಕ್ಕೆ ಕಳುಹಿಸಿದರು' ಎಂದು ಕಂಡದ್ದನ್ನಷ್ಟೇ ಬರೆಯಬೇಕು. ಎರಡು ವಾರ ಹೀಗೆ ಬರೆದು ಒಟ್ಟಿಗೆ ಓದಿದರೆ, ಕಾರಣವೇ ಇಲ್ಲದೆ ಹೊಡೆಯುತ್ತಾನೆ ಎನ್ನುತ್ತಿದ್ದವರಿಗೂ ಕಾರಣ ಕಾಣತೊಡಗುತ್ತದೆ.

ಕಾರಣಗಳು ಸಾಮಾನ್ಯವಾಗಿ ನಾಲ್ಕು ಬಗೆ. ಕಷ್ಟದ ಕೆಲಸದಿಂದ, ಗದ್ದಲದಿಂದ, ಜನಸಂದಣಿಯಿಂದ ಪಾರಾಗಬೇಕೆಂಬುದು ಒಂದು. ತಿಂಡಿಯೋ ಆಟದ ಸಾಮಾನೋ ಬೇಕೆಂಬುದು ಎರಡನೆಯದು. ಯಾರಾದರೂ ತನ್ನತ್ತ ನೋಡಲಿ, ಬಳಿಗೆ ಬರಲಿ ಎಂಬುದು ಮೂರನೆಯದು. ನಾಲ್ಕನೆಯದು ದೇಹದೊಳಗಿನದು: ನೋವು, ತುರಿಕೆ, ಅಥವಾ ಆ ಚಲನೆಯಿಂದಲೇ ಸಿಗುವ ಒಂದು ಬಗೆಯ ಸಮಾಧಾನ. ಹೊರನೋಟಕ್ಕೆ ಹೊಡೆತ ಒಂದೇ ತೆರನಾದರೂ ಅರ್ಥ ಬೇರೆ ಬೇರೆ. ಇದನ್ನರಿಯದೆ ಕೊಡುವ ಶಿಕ್ಷೆ ಬಹುಮಾನವಾಗಿಬಿಡುತ್ತದೆ. ಪಾಠದಿಂದ ಪಾರಾಗಲು ಹೊಡೆದ ಮಗುವನ್ನು ವರಾಂಡಕ್ಕೆ ಕಳುಹಿಸಿದರೆ ಅದು ಕೇಳಿದ್ದನ್ನೇ ಕೊಟ್ಟಂತಾಯಿತು. ನಮ್ಮ ಗಮನಕ್ಕಾಗಿ ಹೊಡೆದ ಮಗುವಿನ ಮುಂದೆ ಮಂಡಿಯೂರಿ ಐದು ನಿಮಿಷ ಬುದ್ಧಿ ಹೇಳಿದರೆ ಅದೂ ಕೇಳಿದ್ದನ್ನೇ ಕೊಟ್ಟಂತೆ. ನಾಳೆ ಅದು ಮತ್ತೆ ಹೊಡೆದರೆ ಆಶ್ಚರ್ಯವೇನು?

ಈ ನಾಲ್ಕರಲ್ಲಿ ಮೊದಲು ವಿಚಾರಿಸಬೇಕಾದದ್ದು ದೇಹವನ್ನು. ಸುಮ್ಮನಿದ್ದ ಮಗು ಇದ್ದಕ್ಕಿದ್ದಂತೆ ಹೊಡೆಯತೊಡಗಿದರೆ, ತನ್ನ ತಲೆಯನ್ನೇ ಗೋಡೆಗೆ ಬಡಿದುಕೊಳ್ಳತೊಡಗಿದರೆ, ಮೊದಲು ತಟ್ಟಬೇಕಾದದ್ದು ವೈದ್ಯರ ಬಾಗಿಲು. ಹುಳುಕು ಹಲ್ಲು, ಕಿವಿಯ ಕೀವು, ಮಲಬದ್ಧತೆ, ಎದೆಯುರಿ, ಹೆಣ್ಣುಮಕ್ಕಳಿಗೆ ಮುಟ್ಟಿನ ನೋವು, ನಿದ್ರೆಯ ಕೊರತೆ, ಮೂರ್ಛೆರೋಗ, ಹೊಸದಾಗಿ ಕೊಟ್ಟ ಔಷಧದ ಅಡ್ಡಪರಿಣಾಮ ಇವೆಲ್ಲ ಮಾತಿಲ್ಲದ ಮಗುವಿನಲ್ಲಿ ಕೋಪದ ವೇಷ ತೊಟ್ಟು ಬರುತ್ತವೆ. ಅದೇ ಶಾಲೆಯ ಹುಡುಗಿಯೊಬ್ಬಳು ತಿಂಗಳುಗಟ್ಟಲೆ ತನ್ನ ಎಡಗೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಕೈಗೆ ಚೀಲ ಕಟ್ಟಿ ತಡೆಯಲು ಮನೆಯವರು ಯತ್ನಿಸಿದರು. ಕೊನೆಗೆ ದಂತವೈದ್ಯರು ಎಡಭಾಗದ ದವಡೆಹಲ್ಲೊಂದನ್ನು ಕಿತ್ತರು, ಹೊಡೆದುಕೊಳ್ಳುವುದು ನಿಂತಿತು. ಅಷ್ಟು ದಿನವೂ ಆಕೆ ನೋವಿನ ಸ್ಥಳವನ್ನು ಬೆರಳಿಟ್ಟಂತೆ ತೋರಿಸುತ್ತಲೇ ಇದ್ದಳು. ತೀವ್ರ ಸಂದರ್ಭಗಳಲ್ಲಿ ತಜ್ಞ ವೈದ್ಯರು ಸಿಡುಕನ್ನು ಇಳಿಸುವ ಔಷಧ ಕೊಡುವುದುಂಟು. ಅದನ್ನು ನಾವಾಗಿ ಆರಂಭಿಸಬಾರದು, ನಾವಾಗಿ ನಿಲ್ಲಿಸಲೂಬಾರದು. ಆದರೆ ಔಷಧವು ಮಾತನ್ನು ಕಲಿಸುವುದಿಲ್ಲ ಎಂಬುದು ನೆನಪಿರಲಿ.

ಮಾತನ್ನು ಕಲಿಸುವ ಕೆಲಸ ನಮ್ಮದು. 1985ರಲ್ಲಿ ಅಮೆರಿಕದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬ ಮನಶ್ಶಾಸ್ತ್ರಜ್ಞರು ನಾಲ್ವರು ಮಕ್ಕಳೊಡನೆ ನಡೆಸಿದ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪಾಠ ಕಷ್ಟವಾದಾಗ ರಂಪ ಮಾಡುತ್ತಿದ್ದ ಮಕ್ಕಳಿಗೆ ಸಹಾಯ ಕೇಳುವುದನ್ನೂ, ಗಮನ ಬೇಕಾದಾಗ ರಂಪ ಮಾಡುತ್ತಿದ್ದವರಿಗೆ ತನ್ನ ಕೆಲಸ ಚೆನ್ನಾಗಿದೆಯೇ ಎಂದು ಕೇಳುವುದನ್ನೂ ಕಲಿಸಿದರು. ರಂಪ ಬಹಳವಾಗಿ ತಗ್ಗಿತು. ಆದರೆ ಮಗುವಿನ ಅಗತ್ಯಕ್ಕೆ ಹೊಂದದ ಮಾತನ್ನು ಕಲಿಸಿದಾಗ ಪ್ರಯೋಜನವಾಗಲಿಲ್ಲ. ಗಮನ ಬೇಡುವವನಿಗೆ ಸಹಾಯದ ಮಾತು ಸಾಲದು. ಬಾಯಿಮಾತೇ ಬಾರದ ಮಕ್ಕಳಿಗೂ ದಾರಿಯುಂಟು. ಅದೇ 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಎಂಬವರು, ತನಗೆ ಬೇಕಾದ ವಸ್ತುವಿನ ಚಿತ್ರವನ್ನು ಮಗುವೇ ಎತ್ತಿ ಎದುರಿಗಿರುವವರ ಕೈಗೆ ಕೊಟ್ಟು ಕೇಳುವ ಕ್ರಮವನ್ನು ರೂಪಿಸಿದರು. ಕೈಸನ್ನೆಗಳಿವೆ, ಚಿತ್ರವನ್ನು ಮುಟ್ಟಿದರೆ ದನಿ ಹೊರಡಿಸುವ ಯಂತ್ರಗಳಿವೆ. ಚೆನ್ನೈಯಲ್ಲಿ ಸಿದ್ಧವಾದ 'ಆವಾಜ್' ಎಂಬುದು ಅಂತಹುದೊಂದು. ಚಿತ್ರ ಕೊಟ್ಟರೆ ಮಗು ಮಾತು ಕಲಿಯಲು ಸೋಮಾರಿಯಾಗುತ್ತದೆ ಎಂದು ಹಲವರು ಅಂಜುತ್ತಾರೆ. ಚಿತ್ರ, ಸನ್ನೆಗಳು ಮಾತಿಗೆ ಅಡ್ಡಿಯಾಗುವುದಿಲ್ಲವೆಂದು ಅಧ್ಯಯನಗಳು ತೋರಿಸಿಕೊಟ್ಟಿವೆ. ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದ್ದೂ ಉಂಟು.

ನಮ್ಮ ಬಾಲಕನಿಗೆ ಸಿಸ್ಟರ್ ಮಾಡಿಕೊಟ್ಟದ್ದು ಒಂದೇ ಒಂದು ರಟ್ಟಿನ ತುಂಡು. ಅದರ ಮೇಲೆ ಎತ್ತಿದ ಅಂಗೈಯ ಚಿತ್ರ. 'ಸಾಕು, ಸ್ವಲ್ಪ ಬಿಡುವು ಕೊಡಿ' ಎಂಬುದು ಅದರ ಅರ್ಥ. ಅದನ್ನು ಕಲಿಸಿದ ಬಗೆಯನ್ನು ಗಮನಿಸಿರಿ. ಅವನು ಕೆರಳಿದಾಗ ಕಲಿಸಲಿಲ್ಲ, ಶಾಂತನಾಗಿದ್ದಾಗ ಕಲಿಸಿದರು. ಒಬ್ಬರು ಹಿಂದೆ ಕುಳಿತು ಅವನ ಕೈಯಿಂದ ಚೀಟಿಯನ್ನು ಎತ್ತಿಸಿ ಕೊಡಿಸಿದರು. ಮುಂದೆ ಕುಳಿತವರು ಅದನ್ನು ತೆಗೆದುಕೊಂಡ ಕೂಡಲೇ ಮಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎರಡು ನಿಮಿಷ ಬಿಡುವು ಕೊಟ್ಟರು. ದಿನಕ್ಕೆ ಹಲವು ಬಾರಿ ಹೀಗೆ. ಹಿಂದಿನ ಕೈಯ ಆಸರೆಯನ್ನು ಕ್ರಮೇಣ ಕಡಿಮೆ ಮಾಡಿದರು. ಮೊದಲ ವಾರ ಅವನು ಮಾತೆತ್ತಿದರೆ ಚೀಟಿ ಕೊಟ್ಟ. ಕೆಲಸವೇ ಸಾಗುವುದಿಲ್ಲವೆಂದು ಇತರ ಶಿಕ್ಷಕಿಯರು ದೂರಿದರು. ಆಗ ಸಿಸ್ಟರ್ ಹೇಳಿದ್ದು: "ಈಗ ಅವನು ಕೇಳಿದಾಗಲೆಲ್ಲ ಕೊಡೋಣ. ಕೇಳಿದರೆ ಸಿಗುತ್ತದೆ ಎಂಬ ನಂಬಿಕೆ ಮೊದಲು ಹುಟ್ಟಲಿ. ಕಾಯುವುದನ್ನು ಆಮೇಲೆ ಕಲಿಸೋಣ." ಒಂದು ತಿಂಗಳ ಬಳಿಕ 'ಇನ್ನೊಂದು ಮಣಿ, ಆಮೇಲೆ ಬಿಡುವು' ಎಂದರು, ಆನಂತರ ಎರಡು ಮಣಿ, ಆಮೇಲೆ ಐದು.

ಇದರಲ್ಲಿ ನಾಲ್ಕು ನಿಯಮಗಳು ಅಡಗಿವೆ. ಹೊಸ ಮಾತು ಹೊಡೆತಕ್ಕಿಂತ ಸುಲಭವಾಗಿರಬೇಕು. ಅದಕ್ಕೆ ಹೊಡೆತಕ್ಕಿಂತ ಬೇಗ ಉತ್ತರ ದೊರೆಯಬೇಕು. ಶಾಲೆ, ಮನೆ, ಅಜ್ಜಿಮನೆ ಎಲ್ಲೆಡೆಯೂ ಅದೇ ಚೀಟಿಗೆ ಅದೇ ಉತ್ತರ ಇರಬೇಕು. ಚೀಟಿ ಸದಾ ಮಗುವಿನ ಕೈಗೆಟಕುವಂತಿರಬೇಕು. ಚೀಟಿ ಕೊಳೆಯಾಗುತ್ತದೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ ಮನೆಯನ್ನೂ ನಾವು ನೋಡಿದ್ದೇವೆ. ಅದು ಮಗುವಿನ ನಾಲಗೆಗೆ ಬೀಗ ಹಾಕಿದಂತೆ. ಇದರ ಜೊತೆಗೆ, ದಿನದ ಕಾರ್ಯಗಳನ್ನು ಚಿತ್ರಗಳಲ್ಲಿ ಸಾಲಾಗಿ ಗೋಡೆಗೆ ಅಂಟಿಸಿ, ಮುಂದೇನು ಎಂಬುದನ್ನು ತೋರಿಸಿದರೆ ಎಷ್ಟೋ ಕೆರಳಿಕೆ ಹುಟ್ಟುವುದೇ ಇಲ್ಲ. ಬಸ್ಸು ಯಾವಾಗ ಹೊರಡುತ್ತದೆ ಎಂದು ಯಾರೂ ಹೇಳದೆ ಇದ್ದರೆ ನಮಗೂ ಸಿಟ್ಟು ಬರುವುದಿಲ್ಲವೇ?

ಇಷ್ಟೆಲ್ಲ ಮಾಡಿದರೂ ಮಗು ಕೆರಳುವ ಗಳಿಗೆ ಬರುತ್ತದೆ. ಆಗ ಮಾಡಬೇಕಾದದ್ದು ಕೆಲವೇ. ಮೊದಲು ಇತರ ಮಕ್ಕಳನ್ನು ದೂರ ಕಳುಹಿಸಬೇಕು. ಕತ್ತರಿ, ಗಾಜಿನ ಲೋಟ, ಕಲ್ಲು ಮುಂತಾದವನ್ನು ಸರಿಸಬೇಕು. ಒಬ್ಬರೇ ಮಾತನಾಡಬೇಕು, ಅದೂ ಒಂದೆರಡು ಮಾತು, ತಗ್ಗಿದ ದನಿಯಲ್ಲಿ. ಸುತ್ತುವರಿದು ನಿಲ್ಲಬಾರದು, ದುರುಗುಟ್ಟಿ ನೋಡಬಾರದು. ಒಂದು ತೋಳಿನಷ್ಟು ಹಿಂದೆ ಸರಿದು, ಮಗುವಿಗೆ ಹೊರಹೋಗುವ ದಾರಿ ಬಿಟ್ಟು ನಿಲ್ಲಬೇಕು. ಕೂದಲು ಹಿಡಿದರೆ ಆ ಕೈಯನ್ನು ನಮ್ಮ ತಲೆಗೇ ಒತ್ತಿ ಹಿಡಿದು ಬೆರಳು ಸಡಿಲುವವರೆಗೆ ಕಾಯಬೇಕು. ಜಗ್ಗಿದರೆ ಗಾಯ ಹೆಚ್ಚು. ಕಚ್ಚಿದಾಗಲೂ ಹಾಗೆಯೇ, ಹಿಂದಕ್ಕೆ ಎಳೆದುಕೊಳ್ಳಬಾರದು. ಮಗುವನ್ನು ನೆಲಕ್ಕೆ ಬೋರಲು ಕೆಡವಿ ಬೆನ್ನ ಮೇಲೆ ಭಾರ ಹಾಕಿ ಹಿಡಿಯುವುದು ಎಂದಿಗೂ ಕೂಡದು. ಉಸಿರು ಕಟ್ಟಿ ಪ್ರಾಣಕ್ಕೇ ಅಪಾಯವುಂಟು. ಕೆರಳಿಕೆಯ ನಡುವೆ ಬಿಸ್ಕತ್ತಿನ ಆಸೆ ತೋರಿಸಬಾರದು, ಬುದ್ಧಿವಾದವನ್ನೂ ಹೇಳಬಾರದು. ಆ ಹೊತ್ತಿನಲ್ಲಿ ಕಿವಿ ಕೇಳುತ್ತದೆಯೇ ಹೊರತು ಬುದ್ಧಿ ಗ್ರಹಿಸುವುದಿಲ್ಲ. ಶಾಂತವಾದ ಮೇಲೆ ನೀರು ಕೊಟ್ಟು, ಚೀಟಿಯನ್ನು ನೆನಪಿಸಿ, ಆಮೇಲೆ ನೋಟು ಪುಸ್ತಕ ತೆರೆಯಬೇಕು.

ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ಹೊಡೆತಕ್ಕೆ ಹಿಂದಿನಂತೆ ಫಲ ಸಿಗದೆ ಹೋದಾಗ ಮಗು ಕೆಲವು ದಿನ ಇನ್ನೂ ಜೋರಾಗಿ ಹೊಡೆಯುವುದುಂಟು. ಇದು ವಿಫಲತೆಯ ಗುರುತಲ್ಲ. ಹಳೆಯ ಬಾಗಿಲು ತೆರೆಯದಿದ್ದಾಗ ನಾವೂ ಹೆಚ್ಚು ಬಲವಾಗಿ ತಟ್ಟುತ್ತೇವೆ. ಆ ದಿನಗಳಲ್ಲಿ ದಣಿದು ಒಮ್ಮೆ ಸೋತುಕೊಟ್ಟರೆ, ಇನ್ನೂ ಜೋರಾಗಿ ತಟ್ಟಿದರೆ ತೆರೆಯುತ್ತದೆ ಎಂಬ ಪಾಠ ಗಟ್ಟಿಯಾಗುತ್ತದೆ. ಆ ದಿನಗಳಲ್ಲೇ ತಾಯಿಗೆ ನೆರವು ಬೇಕು.

ಹೊಡೆದು ಬುದ್ಧಿ ಕಲಿಸಬಾರದೇ ಎಂದು ಹಿರಿಯರು ಕೇಳುತ್ತಾರೆ. ನಾವೂ ಬೆತ್ತದ ಕಾಲದಲ್ಲಿ ಬೆಳೆದವರೇ. ಹೊಡೆತದಿಂದ ಮಗು ಒಂದನ್ನು ಕಲಿಯುತ್ತದೆ: ದೊಡ್ಡವನು ಚಿಕ್ಕವನನ್ನು ಹೊಡೆಯಬಹುದು. ಅದನ್ನು ಅದು ತಂಗಿಯ ಮೇಲೆ ಪ್ರಯೋಗಿಸುತ್ತದೆ; ಹದಿನೆಂಟು ತುಂಬಿ ತೋಳು ಬಲಿತ ಮೇಲೆ ಮುದಿ ತಂದೆಯ ಮೇಲೂ ಪ್ರಯೋಗಿಸುತ್ತದೆ. ಕಾನೂನೂ ಇದನ್ನು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 21 ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಕ್ರೌರ್ಯದಿಂದಲೂ ಅವಮಾನಕರ ವರ್ತನೆಯಿಂದಲೂ ಅವರನ್ನು ರಕ್ಷಿಸಬೇಕೆಂದು ವಿಧಿಸಿದೆ. ಸಹಾಯಕ್ಕೆ ಎಲ್ಲಿ ಹೋಗಬೇಕೆಂದು ಕೇಳುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ 'ನಿರಾಮಯ' ಎಂಬ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ. ಅರ್ಜಿ ತುಂಬಲು ತೊಡಕಾದರೆ ಗುರುಮನೆಗೆ ಬನ್ನಿರಿ, ಒಟ್ಟಿಗೆ ಕುಳಿತು ತುಂಬೋಣ.

ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಕಿವುಡನೂ ತೊದಲನೂ ಆದ ಒಬ್ಬನನ್ನು ಪ್ರಭುವಿನ ಬಳಿಗೆ ಕರೆತರುತ್ತಾರೆ. ಎಷ್ಟೋ ವರ್ಷ ಆ ವಾಚನವನ್ನು ಓದಿ ಪ್ರಬೋಧನೆ ಮಾಡಿದ್ದರೂ ಒಂದು ವಿವರವನ್ನು ನಾವು ಗಮನಿಸಿರಲಿಲ್ಲ. ಪ್ರಭು ಮೊದಲು ಮಾಡಿದ್ದು ಆ ಮನುಷ್ಯನನ್ನು ಜನಜಂಗುಳಿಯಿಂದ ಪಕ್ಕಕ್ಕೆ ಕರೆದೊಯ್ದದ್ದು. ಆಮೇಲೆ ಕಿವಿಯನ್ನೂ ನಾಲಗೆಯನ್ನೂ ಮುಟ್ಟಿದ್ದು, ಆಕಾಶದತ್ತ ನೋಡಿದ್ದು. ಮಾತು ಬಂದದ್ದು ಅದರ ಅನಂತರ. ಮಾತು ಕೇಳದವನೊಡನೆ ಅವರು ಅವನಿಗೆ ತಿಳಿಯುವ ಭಾಷೆಯಲ್ಲಿ ಆರಂಭಿಸಿದರು. ನಾವಾದರೋ ಆ ಹಬ್ಬದ ಸಂಜೆ ಪಕ್ಕಕ್ಕೆ ಕರೆದೊಯ್ಯಲಿಲ್ಲ, ಹೊರಗೆ ಕಳುಹಿಸಿದೆವು. ಎರಡರ ನಡುವಿನ ಅಂತರ ಬಹಳ.

ಅದಕ್ಕಾಗಿ ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಆಕೆ ನಮ್ಮ ಮುಂದೆ ಕಾಫಿ ಇಟ್ಟು, "ಸ್ವಾಮಿ, ಅವನು ಹೊಡೆದದ್ದಕ್ಕೆ ನನಗೆ ನೋವಿಲ್ಲ. ಅವನಿಗೆ ಏನೂ ತಿಳಿಯುವುದಿಲ್ಲ ಎಂದುಕೊಂಡು ಅವನ ಎದುರಿಗೇ ಎಲ್ಲರೂ ಆಡಿದ ಮಾತಿಗೆ ನೋವಾಯಿತು" ಎಂದಳು. ಮಾತನಾಡಲಾರದವರು ಮಾತನ್ನು ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ಅಂದಿನಿಂದ ನಾವು ಮರೆತಿಲ್ಲ.

ಆಮೇಲೆ ನಮ್ಮ ದೇವಾಲಯದಲ್ಲಿ ಆದ ಬದಲಾವಣೆಗಳು ಸಣ್ಣವು. ಪಕ್ಕದ ಬಾಗಿಲ ಹತ್ತಿರ ಎರಡು ಬೆಂಚುಗಳನ್ನು ಇಂತಹ ಮನೆಯವರಿಗಾಗಿ ಇಟ್ಟಿದ್ದೇವೆ. ಬಲಿಪೂಜೆಯ ಕ್ರಮವನ್ನು ಚಿತ್ರಗಳಲ್ಲಿ ಸಾಲಾಗಿ ಅಂಟಿಸಿದ ಒಂದು ರಟ್ಟು ಅಲ್ಲಿದೆ. ಇನ್ನೆಷ್ಟು ಉಳಿದಿದೆ ಎಂದು ಮಗು ಬೆರಳಿಟ್ಟು ನೋಡಬಹುದು. ಹಬ್ಬದಲ್ಲಿ ಪಟಾಕಿ ಹಚ್ಚುವ ಹೊತ್ತನ್ನು ಮುಂಚಿತವಾಗಿ ತಿಳಿಸುತ್ತೇವೆ. ನಮ್ಮ ಯುವಜನರಲ್ಲಿ ಮೂವರು ಸಿಸ್ಟರ್ ಬಳಿ ತರಬೇತಿ ಪಡೆದು, ವಾರಕ್ಕೆ ಎರಡು ಗಂಟೆ ಇಂತಹ ಮಗುವಿನೊಡನೆ ಕುಳಿತು, ತಾಯಿ ಮಲಗಿ ನಿದ್ರಿಸಲು ಅನುವು ಮಾಡಿಕೊಡುತ್ತಾರೆ. ಮೂವರು ಸಾಲದು. ಈ ಧರ್ಮಕೇಂದ್ರದಲ್ಲಿ ಅಂತಹ ಮನೆಗಳು ಒಂಬತ್ತು ಇವೆಯೆಂದು ನಾವು ಮನೆಮನೆಗೆ ಹೋದಾಗ ತಿಳಿಯಿತು. ಅವುಗಳಲ್ಲಿ ನಾಲ್ಕು ಮನೆಯವರು ಇನ್ನೂ ಪೂಜೆಗೆ ಬರುತ್ತಿಲ್ಲ.

ಆ ಬಾಲಕನಿಗೆ ಈಗ ಹದಿನೇಳು ವರ್ಷ. ಅವನು ಪೂರ್ತಿ ಬದಲಾದನೆಂದು ಹೇಳಿದರೆ ಸುಳ್ಳಾದೀತು. ಈ ವರ್ಷವೂ ಶಾಲೆಯಲ್ಲಿ ಎರಡು ಬಾರಿ ಕೈಯೆತ್ತಿದ್ದಾನೆ. ಹಿಂದೆ ದಿನಕ್ಕೆ ಅಷ್ಟು ಆಗುತ್ತಿತ್ತು. ಕಳೆದ ತಿಂಗಳು ಶತಮಾನೋತ್ಸವದ ತೇರು ಬಾಗಿಲಿಗೆ ಬಂದು ಬ್ಯಾಂಡು ಮೊಳಗಿದಾಗ ನಾವು ಪೀಠದ ಬಳಿಯಿಂದ ಆ ಬೆಂಚಿನ ಕಡೆಗೇ ನೋಡುತ್ತಿದ್ದೆವು. ಅವನು ಕಿವಿ ಮುಚ್ಚಿಕೊಂಡ. ಆಮೇಲೆ ಒಂದು ಕೈ ತೆಗೆದು, ಅಂಗಿಯ ಜೇಬಿನಿಂದ ಅಂಚು ಸವೆದ ಆ ಚೀಟಿಯನ್ನು ಎತ್ತಿ ತಾಯಿಯ ಕೈಗೆ ಕೊಟ್ಟ. ಇಬ್ಬರೂ ಎದ್ದು ಪಕ್ಕದ ಬಾಗಿಲಿಂದ ಹೊರಗೆ ಹೋದರು. ಬ್ಯಾಂಡು ನಿಂತ ಮೇಲೆ ಒಳಗೆ ಬಂದು ಅದೇ ಸ್ಥಳದಲ್ಲಿ ಕುಳಿತರು. ಸುತ್ತಲಿನವರಲ್ಲಿ ಹೆಚ್ಚಿನವರು ಗಮನಿಸಲೂ ಇಲ್ಲ.

ನೂರು ವರ್ಷದ ಈ ಸಂಭ್ರಮದಲ್ಲಿ ನಿಮ್ಮಿಂದ ನಾವು ಬೇಡುವುದು ಒಂದೇ. ನಿಮ್ಮ ನೆರೆಯಲ್ಲಿ ಬಾಗಿಲು ಮುಚ್ಚಿಕೊಂಡಿರುವ ಅಂತಹ ಮನೆಯೊಂದಿದ್ದರೆ, ಈ ವಾರವೇ ಹೋಗಿ ಬಾಗಿಲು ತಟ್ಟಿರಿ. ಉಪದೇಶ ಮಾಡಬೇಡಿರಿ. ಮಗುವನ್ನು ಹೆಸರು ಹಿಡಿದು ಮಾತನಾಡಿಸಿರಿ; ತಾಯಿಯನ್ನು, "ಯಾವ ಹೊತ್ತು ಬಂದು ಕುಳಿತರೆ ನಿಮಗೆ ಅನುಕೂಲ?" ಎಂದು ಕೇಳಿರಿ. ಪಕ್ಕದ ಬಾಗಿಲ ಬೆಂಚಿನಲ್ಲಿ ಅವರಿಗಾಗಿ ಸ್ಥಳವಿದೆಯೆಂದು ತಿಳಿಸಿರಿ. ಆ ಬೆಂಚುಗಳು ಸಾಲದೆ ಮೂರನೆಯದನ್ನು ಮಾಡಿಸಬೇಕಾಗಿ ಬರಲಿ ಎಂಬುದೇ ನಮ್ಮ ಪ್ರಾರ್ಥನೆ.

ನಿಮಗೆಲ್ಲ ದೇವರ ಆಶೀರ್ವಾದವಿರಲಿ.